ಹಾಡಿಗೆ ಮುನ್ನ ವೇದಿಕೆ: ಸಂಗೀತ ತಂತ್ರಾಂಶದಲ್ಲಿ ಟೆಂಪ್ಲೇಟ್ ಕಟ್ಟುವ ಬಗೆ

ರಾಮನವಮಿಯ ದಿನಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನಕ್ಕೆ ಕಛೇರಿ ಕೇಳಲು ಸ್ವಲ್ಪ ಮೊದಲೇ ಹೋಗಿ ಕುಳಿತವರು ವೇದಿಕೆ ಅಣಿಯಾಗುವುದನ್ನು ಕಂಡಿರುತ್ತಾರೆ. ಗಾಯಕರು ಬಂದು ಕೂರುವ ಹೊತ್ತಿಗೆ ಜಮಖಾನ ಹಾಸಿರುತ್ತದೆ. ನಡುವೆ ಹಾಡುವವರಿಗೆ, ಒಂದು ಪಕ್ಕ ಪಿಟೀಲಿಗೆ, ಇನ್ನೊಂದು ಪಕ್ಕ ಮೃದಂಗಕ್ಕೆ ಮೈಕುಗಳು ನಿಂತಿರುತ್ತವೆ. ಯಾವ ವೈರು ಯಾವ ಚಾನೆಲ್ಲಿಗೆ ಸೇರುತ್ತದೆ ಎಂಬುದು ಮಿಕ್ಸರ್ ಮುಂದೆ ಕುಳಿತವರಿಗೆ ತಿಳಿದಿರುತ್ತದೆ. ಅಂದು ಯಾವ ವರ್ಣದಿಂದ ಆರಂಭವಾಗುತ್ತದೆ, ಯಾವ ರಾಗ ವಿಸ್ತಾರಕ್ಕೆ ಬರುತ್ತದೆ, ತನಿ ಆವರ್ತನ ಎಷ್ಟು ಹೊತ್ತು ನಡೆಯುತ್ತದೆ ಎಂಬುದು ಮಾತ್ರ ವೇದಿಕೆ ಕಟ್ಟಿದವರಿಗೆ ಗೊತ್ತಿರುವುದಿಲ್ಲ; ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಸಂಗೀತ ತಯಾರಿಕೆಯ ತಂತ್ರಾಂಶಗಳಲ್ಲಿ ಟೆಂಪ್ಲೇಟ್ ಎಂದು ಕರೆಯುವುದು ಇಂಥ ಅಣಿಗೊಂಡ ವೇದಿಕೆಯನ್ನೇ. ಈ ಹೋಲಿಕೆಯನ್ನು ಕೊನೆಯವರೆಗೂ ನೆನಪಿನಲ್ಲಿಟ್ಟುಕೊಂಡರೆ, ಟೆಂಪ್ಲೇಟಿನಲ್ಲಿ ಏನಿರಬೇಕು, ಏನಿರಬಾರದು ಎಂಬ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ಕ್ಯೂಬೇಸ್, ಲಾಜಿಕ್ ಪ್ರೊ, ಏಬಲ್ಟನ್ ಲೈವ್, ರೀಪರ್, ಪ್ರೊ ಟೂಲ್ಸ್, ಎಫ್‌ಎಲ್ ಸ್ಟುಡಿಯೊ, ಇವುಗಳಲ್ಲಿ ಯಾವುದನ್ನು ಬಳಸಿದರೂ ಒಂದು ಹಾಡಿನ ಕೆಲಸವೆಲ್ಲ ಒಂದು ಪ್ರಾಜೆಕ್ಟ್ ಕಡತದಲ್ಲಿ ಉಳಿಯುತ್ತದೆ. ಟ್ರ್ಯಾಕುಗಳು (ಒಂದೊಂದು ಕಂಠಕ್ಕೂ ವಾದ್ಯಕ್ಕೂ ಮೀಸಲಾದ ಸಾಲುಗಳು), ಅವುಗಳ ಹೆಸರು ಮತ್ತು ಬಣ್ಣ, ಯಾವ ಇನ್‌ಪುಟ್ಟಿನಿಂದ ಧ್ವನಿ ಬರಬೇಕು, ಎಲ್ಲಿಗೆ ಹೋಗಬೇಕು, ಯಾವ ಪ್ಲಗಿನ್ (ತಂತ್ರಾಂಶದೊಳಗೆ ಸೇರಿಸುವ ಸಣ್ಣ ಉಪಕರಣ) ಕೂರಬೇಕು, ತಾಳದ ಲೆಕ್ಕ ಏನು ಎಂಬುದನ್ನೆಲ್ಲ ಆ ಕಡತ ಬರೆದಿಟ್ಟುಕೊಳ್ಳುತ್ತದೆ. ಟೆಂಪ್ಲೇಟ್ ಎಂದರೆ ಅದೇ ಬಗೆಯ ಕಡತ, ಆದರೆ ಅದರಲ್ಲಿ ಹಾಡು ಇರುವುದಿಲ್ಲ. ಅದನ್ನು ತೆರೆದಾಗ ತಂತ್ರಾಂಶವು ಮೂಲವನ್ನು ಮುಟ್ಟದೆ ಅದರ ಒಂದು ನಕಲನ್ನು ಹೆಸರಿಲ್ಲದ ಹೊಸ ಪ್ರಾಜೆಕ್ಟಾಗಿ ನಮ್ಮ ಮುಂದಿಡುತ್ತದೆ. ಈ ಕೊನೆಯ ಅಂಶ ಸಣ್ಣದಾಗಿ ಕಂಡರೂ ಮುಖ್ಯವಾದುದು, ಏಕೆಂದರೆ ಅನೇಕರು ಹಳೆಯ ಹಾಡಿನ ಪ್ರಾಜೆಕ್ಟನ್ನೇ ತೆರೆದು, ಒಳಗಿರುವುದನ್ನು ಅಳಿಸಿ, ಹೊಸ ಹಾಡನ್ನು ಆರಂಭಿಸುತ್ತಾರೆ. ಒಂದು ದಿನ ಆತುರದಲ್ಲಿ ‘ಸೇವ್ ಆ್ಯಸ್’ ಬದಲು ‘ಸೇವ್’ ಒತ್ತಿದರೆ ಹಳೆಯ ಹಾಡು ಹೋಯಿತೆಂದೇ ಅರ್ಥ.

ಇಷ್ಟೆಲ್ಲ ಮಾಡುವುದು ಬರಿಯ ಸಮಯ ಉಳಿಸುವುದಕ್ಕೇ ಎಂದು ಕೇಳಿದರೆ, ಸಮಯಕ್ಕಿಂತ ದೊಡ್ಡದನ್ನು ಉಳಿಸುವುದಕ್ಕೆ ಎಂದು ಹೇಳುತ್ತೇನೆ. ಹನುಮಂತನಗರದಲ್ಲಿ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ನಾನು ಭಾವಗೀತೆ, ದೇವರನಾಮ, ಆಗೊಮ್ಮೆ ಈಗೊಮ್ಮೆ ಕಿರುಚಿತ್ರಗಳ ಹಿನ್ನೆಲೆ ಸಂಗೀತವನ್ನು ಮುದ್ರಿಸುತ್ತೇನೆ. ಹಾಡುವವರು ಬನಶಂಕರಿಯಿಂದಲೋ ಯಲಹಂಕದಿಂದಲೋ ಈ ಊರಿನ ವಾಹನ ದಟ್ಟಣೆಯನ್ನು ದಾಟಿ ಬಂದಿರುತ್ತಾರೆ. ಬಂದು, ನೀರು ಕುಡಿದು, ಸಣ್ಣಗೆ ಷಡ್ಜ ಹಿಡಿದು ನೋಡಿದ ಆ ಹತ್ತು ನಿಮಿಷದಲ್ಲಿ ಕಂಠವೂ ಮನಸ್ಸೂ ಹದವಾಗಿರುತ್ತವೆ. ಆಗ ನಾನು ಟ್ರ್ಯಾಕ್ ಸೇರಿಸುತ್ತ, ಹೆಡ್‌ಫೋನಿಗೆ ಧ್ವನಿ ಏಕೆ ಬರುತ್ತಿಲ್ಲವೆಂದು ಹುಡುಕುತ್ತ ಅರ್ಧ ಗಂಟೆ ಕಳೆದರೆ ಆ ಹದ ಮತ್ತೆ ಸಿಗುವುದಿಲ್ಲ. ಟೆಂಪ್ಲೇಟ್ ಇದ್ದರೆ ಮೊದಲ ಷಡ್ಜವನ್ನೇ ಮುದ್ರಿಸಿಕೊಳ್ಳಬಹುದು.

ಮುಗಿದ ಕೆಲಸದಿಂದ ಹಿಂದಕ್ಕೆ

ಟೆಂಪ್ಲೇಟ್ ಕಟ್ಟಲು ಹೊರಡುವವರು ಸಾಮಾನ್ಯವಾಗಿ ಖಾಲಿ ಪ್ರಾಜೆಕ್ಟಿನಿಂದ ಆರಂಭಿಸಿ, ಮುಂದೆಂದಾದರೂ ಬೇಕಾಗಬಹುದಾದ ಎಲ್ಲವನ್ನೂ ಊಹಿಸಿ ಸೇರಿಸುತ್ತ ಹೋಗುತ್ತಾರೆ. ನನ್ನ ಅನುಭವದಲ್ಲಿ ಇದು ಸರಿಯಾದ ದಾರಿಯಲ್ಲ. ಊಹೆಯಿಂದ ಕಟ್ಟಿದ ಟೆಂಪ್ಲೇಟಿನಲ್ಲಿ ನೂರು ಟ್ರ್ಯಾಕುಗಳಿದ್ದು ಬಳಕೆಗೆ ಹನ್ನೆರಡೇ ಬರುತ್ತವೆ. ಉಳಿದವು ಪರದೆಯ ಮೇಲೆ ಜಾಗ ತಿಂದು, ಕಂಪ್ಯೂಟರಿಗೂ ಕಣ್ಣಿಗೂ ಭಾರವಾಗುತ್ತವೆ. ಇದರ ಬದಲು ಈಗಾಗಲೇ ಮುಗಿದು ತೃಪ್ತಿ ಕೊಟ್ಟ ಮೂರು ನಾಲ್ಕು ಹಾಡುಗಳ ಪ್ರಾಜೆಕ್ಟುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ಒಳ್ಳೆಯದು. ಎಲ್ಲದರಲ್ಲೂ ಒಂದೇ ರೀತಿ ಇರುವುದು ಯಾವುದೋ ಅದು ಟೆಂಪ್ಲೇಟಿಗೆ ಸೇರುತ್ತದೆ. ಹಾಡಿನಿಂದ ಹಾಡಿಗೆ ಬದಲಾದದ್ದು ಹಾಡಿಗೇ ಸೇರುತ್ತದೆ. ಅವುಗಳಲ್ಲಿ ಒಂದನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡು, ಧ್ವನಿ ತುಣುಕುಗಳನ್ನೆಲ್ಲ ಅಳಿಸಿ, ಧ್ವನಿಮಟ್ಟದ ಫೇಡರುಗಳನ್ನು ಸೊನ್ನೆ ಡೆಸಿಬೆಲ್ಲಿನ ಗುರುತಿಗೆ ತಂದು, ಆ ಹಾಡಿಗೆಂದೇ ತಿದ್ದಿದ, ಧ್ವನಿಯ ಬಣ್ಣ ಬದಲಿಸುವ ಈಕ್ವಲೈಸರ್ ಮತ್ತು ಏರಿಳಿತ ತಗ್ಗಿಸುವ ಕಂಪ್ರೆಸರ್‌ಗಳನ್ನು ತೆಗೆದರೆ ಉಳಿಯುವ ಅಸ್ಥಿಪಂಜರವೇ ನಿಮ್ಮ ಮೊದಲ ಟೆಂಪ್ಲೇಟ್.

ಇದರ ತಳಪಾಯದಲ್ಲಿರುವುದು ಸ್ಯಾಂಪಲ್ ದರ, ಅಂದರೆ ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ಬರೆದಿಡಬೇಕೆಂಬ ಲೆಕ್ಕ. ಸಿ.ಡಿ.ಯ ದರ ಸೆಕೆಂಡಿಗೆ 44,100 ಮಾದರಿಗಳು, ಚಲನಚಿತ್ರ ಮತ್ತು ವಿಡಿಯೊಗಳ ರೂಢಿ 48,000. ಇದನ್ನು ನಾನು ಬಹಳ ಕಾಲ ಲಕ್ಷ್ಯಕ್ಕೇ ತೆಗೆದುಕೊಂಡಿರಲಿಲ್ಲ. ಒಮ್ಮೆ ಕಿರುಚಿತ್ರವೊಂದಕ್ಕೆ 48,000ದಲ್ಲಿ ಮುದ್ರಿಸಿದ್ದ ಕಂಠವನ್ನು 44,100ರ ಪ್ರಾಜೆಕ್ಟಿಗೆ ಪರಿವರ್ತಿಸದೆ ಸೇರಿಸಿಬಿಟ್ಟೆ. ಪ್ರತಿ ಸೆಕೆಂಡಿಗೆ ಕಡಿಮೆ ಮಾದರಿಗಳು ಓಡುವುದರಿಂದ ಹಾಡು ನಿಧಾನವಾಗುತ್ತದೆ, ಶ್ರುತಿಯೂ ಇಳಿಯುತ್ತದೆ. ಲೆಕ್ಕ ಹಾಕಿದರೆ ನಾಲ್ಕು ನಿಮಿಷದ ಹಾಡು ಸುಮಾರು 21 ಸೆಕೆಂಡು ಉದ್ದವಾಗುತ್ತದೆ. ಐದು ಮನೆಯ ಶ್ರುತಿಯಲ್ಲಿ, ಅಂದರೆ ಹಾರ್ಮೋನಿಯಂನ ಐದನೆಯ ಬಿಳಿ ಮನೆಯಲ್ಲಿ, ಹಾಡಿದ್ದು ನಾಲ್ಕು ಮತ್ತು ನಾಲ್ಕೂವರೆ ಮನೆಗಳ ನಡುವೆ, ಯಾವ ವಾದ್ಯಕ್ಕೂ ಹೊಂದದ ಜಾಗದಲ್ಲಿ ನಿಲ್ಲುತ್ತದೆ. ಹಾಡಿದವರ ಗಂಟಲು ಕಟ್ಟಿದೆಯೇನೋ ಎಂದು ನಾನು ಭಾವಿಸಿದ್ದೆ. ಅವರಿಗೆ ಅದನ್ನು ಹೇಳುವ ಮೊದಲು ಕಾರಣ ತಿಳಿಯಿತೆಂಬುದು ಇಂದಿಗೂ ನನಗೆ ಸಮಾಧಾನದ ಸಂಗತಿ. ಅಂದಿನಿಂದ ನನ್ನ ಎಲ್ಲ ಟೆಂಪ್ಲೇಟುಗಳೂ 48,000 ಮತ್ತು (ಒಂದೊಂದು ಮಾದರಿಯನ್ನೂ ಬರೆದಿಡುವ ಸೂಕ್ಷ್ಮತೆಯ ಅಳತೆಯಾದ) 24 ಬಿಟ್‌ನಲ್ಲೇ ಇವೆ. 16 ಬಿಟ್‌ನಲ್ಲಿ ಅತಿ ಮೆಲುದನಿಗೂ ಅತಿ ಗಟ್ಟಿದನಿಗೂ ನಡುವಿನ ಅಂತರ ಸುಮಾರು 96 ಡೆಸಿಬೆಲ್. 24 ಬಿಟ್‌ನಲ್ಲಿ ತಾತ್ತ್ವಿಕವಾಗಿ 144. ಆದ್ದರಿಂದ ಮುದ್ರಿಸುವಾಗ ಧ್ವನಿಮಟ್ಟವನ್ನು ಅಂಚಿಗೆ ಒತ್ತದೆ, ತಾರಸ್ಥಾಯಿಯಲ್ಲಿ ಕಂಠ ತೆರೆದರೂ ಒಡೆಯದಷ್ಟು ಜಾಗ ಬಿಟ್ಟುಕೊಳ್ಳಬಹುದು.

ಇದಕ್ಕೆ ತೆರಬೇಕಾದ ಬೆಲೆ ಹಾರ್ಡ್ ಡಿಸ್ಕಿನ ಜಾಗ ಮಾತ್ರ. ಈ ಮಟ್ಟದಲ್ಲಿ ಒಂದು ಮೊನೊ ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂ.ಬಿ. ಬೇಕು. ಹದಿನಾಲ್ಕು ಟ್ರ್ಯಾಕುಗಳಲ್ಲಿ ಐದು ನಿಮಿಷದ ಹಾಡನ್ನು ಒಮ್ಮೆ ಮುದ್ರಿಸಿದರೆ 600 ಎಂ.ಬಿ. ದಾಟುತ್ತದೆ.

ಹೆಸರು, ದಾರಿ, ಹೆಡ್‌ಫೋನು

ಟ್ರ್ಯಾಕುಗಳಿಗೆ ಹೆಸರಿಡುವುದು ಅಂದಕ್ಕಾಗಿ ಮಾಡುವ ಕೆಲಸವೆಂದು ತಿಳಿದವರಿದ್ದಾರೆ. ಬಹುತೇಕ ತಂತ್ರಾಂಶಗಳಲ್ಲಿ ಮುದ್ರಣ ಆರಂಭವಾದ ಕ್ಷಣ ಹುಟ್ಟುವ ಧ್ವನಿ ಕಡತಕ್ಕೆ ಆ ಟ್ರ್ಯಾಕಿನ ಹೆಸರೇ ಅಂಟಿಕೊಳ್ಳುತ್ತದೆ. ‘ಆಡಿಯೊ 7’ ಎಂಬ ಹೆಸರಿನ ಟ್ರ್ಯಾಕಿನಲ್ಲಿ ಮುದ್ರಿಸಿ ಆಮೇಲೆ ‘ಕೊಳಲು’ ಎಂದು ತಿದ್ದಿದರೆ ಪರದೆಯ ಮೇಲಿನ ಹೆಸರು ಬದಲಾಗುತ್ತದೆ, ಡಿಸ್ಕಿನಲ್ಲಿರುವ ಕಡತದ ಹೆಸರು ಹಾಗೆಯೇ ಉಳಿಯಬಹುದು. ವರ್ಷದ ನಂತರ ಬೇರೊಬ್ಬರಿಗೆ ಕಡತಗಳನ್ನು ಕಳುಹಿಸುವಾಗ ಅವರ ಕೈಗೆ ‘ಆಡಿಯೊ 7’ ಸಿಗುತ್ತದೆ. ಟೆಂಪ್ಲೇಟಿನಲ್ಲಿ ಮೊದಲೇ ಕಂಠ, ಪಿಟೀಲು, ಮೃದಂಗ ಬಲ, ಮೃದಂಗ ಎಡ, ಕೊಳಲು, ವೀಣೆ, ತಂಬೂರಿ ಎಂದು ಹೆಸರಿಟ್ಟಿದ್ದರೆ ಈ ತೊಂದರೆ ಹುಟ್ಟುವುದೇ ಇಲ್ಲ. ಇನ್‌ಪುಟ್ಟುಗಳನ್ನೂ ಹೀಗೆಯೇ ಕಾಯಂ ಮಾಡಿಕೊಳ್ಳಬಹುದು: ನನ್ನಲ್ಲಿ ಮೊದಲನೆಯದು ಯಾವಾಗಲೂ ಕಂಠಕ್ಕೆ, ಎರಡನೆಯದು ಪಿಟೀಲಿಗೆ, ಮೂರು ಮತ್ತು ನಾಲ್ಕು ಮೃದಂಗದ ಎರಡು ಮುಖಗಳಿಗೆ, ಅದೇ ಸಂಖ್ಯೆಗಳನ್ನು ಬರೆದ ಚೀಟಿ ಆಯಾ ಕೇಬಲ್ಲಿನ ತುದಿಗೂ ಅಂಟಿದೆ. ತಂತ್ರಾಂಶದೊಳಗಿನ ವ್ಯವಸ್ಥೆಯೂ ನೆಲದ ಮೇಲಿನ ವ್ಯವಸ್ಥೆಯೂ ಒಂದೇ ಮಾತನ್ನು ಹೇಳಬೇಕು.

ಮುಂದಿನದು ಧ್ವನಿ ಸಾಗುವ ದಾರಿ. ಒಂದೊಂದು ಟ್ರ್ಯಾಕೂ ನೇರವಾಗಿ, ಎಲ್ಲ ಧ್ವನಿಯೂ ಕೊನೆಗೆ ಸೇರುವ ಮಾಸ್ಟರಿಗೆ ಹೋಗುವ ಬದಲು ಒಂದೇ ಜಾತಿಯವು ಬಸ್ ಎಂಬ ಒಂದು ಸಾಮಾನ್ಯ ಚಾನೆಲ್ಲಿನಲ್ಲಿ ಕೂಡಿ, ಆ ಬಸ್ಸುಗಳು ಮಾಸ್ಟರನ್ನು ಸೇರುವುದು ಅನುಕೂಲಕರ. ಮೃದಂಗ, ಘಟ, ಖಂಜಿರ, ತಬಲಾಗಳು ಲಯವಾದ್ಯಗಳ ಬಸ್ಸಿಗೆ. ಪಿಟೀಲು, ವೀಣೆ, ಕೊಳಲು ಸ್ವರವಾದ್ಯಗಳ ಬಸ್ಸಿಗೆ. ಮುಖ್ಯ ಕಂಠ ಒಂದಕ್ಕೆ, ಕೋರಸ್ ಇನ್ನೊಂದಕ್ಕೆ. ಚರಣದಲ್ಲಿ ಲಯವಾದ್ಯಗಳೆಲ್ಲ ತುಸು ತಗ್ಗಲಿ ಎಂದಾಗ ಒಂದೇ ಫೇಡರನ್ನು ಇಳಿಸಿದರೆ ಸಾಕು. ಮಿಕ್ಸಿಂಗಿಗೆ ಬೇರೆಯವರಿಗೆ ಕೊಡುವಾಗ ಬಸ್ಸುಗಳನ್ನು ಬೇರೆ ಬೇರೆಯಾಗಿ ರಫ್ತು ಮಾಡಿದರೆ ಅವೇ ಸ್ಟೆಮ್‌ಗಳಾಗುತ್ತವೆ. ಕೋಣೆಯ ಅನುರಣನ ಕೊಡುವ ರಿವರ್ಬನ್ನು ಪ್ರತಿ ಟ್ರ್ಯಾಕಿನ ಮೇಲೂ ಕೂರಿಸದೆ ಒಂದೆರಡು ಪ್ರತ್ಯೇಕ ಚಾನೆಲ್ಲುಗಳಲ್ಲಿಟ್ಟು ಎಲ್ಲ ಟ್ರ್ಯಾಕುಗಳಿಂದ ಅಲ್ಲಿಗೆ ಸೆಂಡ್ (ಧ್ವನಿಯ ಒಂದು ಕವಲು) ಮೂಲಕ ಕಳುಹಿಸಿದರೆ ಕಂಪ್ಯೂಟರಿನ ಹೊರೆ ಇಳಿಯುತ್ತದೆ. ವಾದ್ಯಗಳೆಲ್ಲ ಒಂದೇ ಕೋಣೆಯಲ್ಲಿ ಕುಳಿತು ನುಡಿಸಿದ ಭಾವವೂ ಬರುತ್ತದೆ.

ಈ ದಾರಿಗಳಲ್ಲಿ ಹೆಚ್ಚಿನವರು ಕಡೆಗಣಿಸುವುದು ಹಾಡುವವರ ಹೆಡ್‌ಫೋನಿಗೆ ಹೋಗುವ ದಾರಿಯನ್ನು. ಸೆಂಡ್‌ನಲ್ಲಿ ಎರಡು ಬಗೆಗಳಿವೆ. ಫೇಡರಿನ ನಂತರ ಕವಲೊಡೆಯುವ ಸೆಂಡ್ ಆದರೆ ನಾನು ಇಲ್ಲಿ ಪಿಟೀಲಿನ ಫೇಡರ್ ಇಳಿಸಿದಾಗ ಅಲ್ಲಿ ಹಾಡುವವರ ಕಿವಿಯಲ್ಲೂ ಪಿಟೀಲು ತಗ್ಗುತ್ತದೆ. ಹಾಡಿನ ನಡುವೆ ಹೀಗಾದರೆ ಅವರು ಬೆಚ್ಚುತ್ತಾರೆ. ಫೇಡರಿಗೆ ಮೊದಲೇ ಕವಲೊಡೆಯುವ ಸೆಂಡ್ ಆದರೆ ನನ್ನ ಕೇಳುವಿಕೆ ಬೇರೆ, ಅವರದು ಬೇರೆ. ಹೆಡ್‌ಫೋನಿನ ಸೆಂಡ್‌ಗಳೆಲ್ಲ ಎರಡನೆಯ ಬಗೆಯವಾಗಿರಬೇಕು, ಮತ್ತು ಅವು ಟೆಂಪ್ಲೇಟಿನಲ್ಲೇ ಕೂತಿರಬೇಕು. ತಂಬೂರಿ ಮತ್ತು ಮೆಟ್ರೊನೋಮಿನ ಕ್ಲಿಕ್ಕಿಗೂ ಅಲ್ಲಿಗೆ ದಾರಿ ಇರಬೇಕು, ಆದರೆ ಕ್ಲಿಕ್ಕು ಮಾಸ್ಟರಿಗೆ ಹೋಗಬಾರದು. ಇದೊಂದನ್ನು ಸರಿಪಡಿಸಿಟ್ಟರೆ ಅಂತಿಮ ಪ್ರತಿಯಲ್ಲಿ ಪಲ್ಲವಿಯ ಹಿಂದೆ ಟಿಕ್ ಟಿಕ್ ಕೇಳಿಬರುವ ಅನಾಹುತ ತಪ್ಪುತ್ತದೆ.

ಹಾಡು ತೀರ್ಮಾನಿಸಬೇಕಾದದ್ದು

ಬಹುತೇಕ ತಂತ್ರಾಂಶಗಳು ಹೊಸ ಪ್ರಾಜೆಕ್ಟಿಗೆ ತಾವಾಗಿ ನಿಮಿಷಕ್ಕೆ 120 ಬಡಿತಗಳ ವೇಗವನ್ನೂ 4/4ರ ಲೆಕ್ಕವನ್ನೂ ಕೊಟ್ಟಿರುತ್ತವೆ. ಇದು ಯಾರೋ ಎಂದೋ ಇಟ್ಟ ಸಂಖ್ಯೆ. ನಮ್ಮ ಹಾಡಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಕಣ್ಣೆದುರು ಇರುವ ಕಾರಣಕ್ಕೇ ಹಾಡಿನ ನಡಿಗೆ ಅದರತ್ತ ವಾಲುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆದ್ದರಿಂದ ನನ್ನ ಟೆಂಪ್ಲೇಟಿನಲ್ಲಿ ವೇಗವನ್ನು ಬೇಕೆಂದೇ ಯಾವ ಹಾಡಿಗೂ ಒಗ್ಗದ ಸಂಖ್ಯೆಗೆ ಇಟ್ಟಿದ್ದೇನೆ. ಕ್ಲಿಕ್ ಕೇಳಿದ ಕೂಡಲೇ ಇದು ಸರಿಯಿಲ್ಲ ಎನ್ನಿಸುತ್ತದೆ, ಹಾಡುವವರನ್ನು ಕೇಳಿ, ಅವರು ತೊಡೆಯ ಮೇಲೆ ತಾಳ ಹಾಕಿ ತೋರಿಸಿದ ವೇಗವನ್ನೇ ಹಿಡಿದು ತುಂಬುವುದು ಅನಿವಾರ್ಯವಾಗುತ್ತದೆ.

ತಾಳದ ಲೆಕ್ಕದಲ್ಲಿ ನಮ್ಮ ಸಂಗೀತಕ್ಕೆ ಇನ್ನಷ್ಟು ಎಚ್ಚರ ಬೇಕು. ಆದಿತಾಳದ ಎಂಟು ಅಕ್ಷರಗಳು 4/4ರ ಎರಡು ಬಾರ್‌ಗಳಲ್ಲಿ ತೊಂದರೆಯಿಲ್ಲದೆ ಕೂರುತ್ತವೆ. ಮಿಶ್ರಛಾಪುವಿಗೆ 7/8 ಎಂದು ಬರೆದರೆ ಸಾಲದು. ಅದು ಮೂರು ಮತ್ತು ನಾಲ್ಕಾಗಿ ಒಡೆಯುತ್ತದೆ, ಕ್ಲಿಕ್ಕಿನ ಒತ್ತು ಒಂದನೆಯ ಮತ್ತು ನಾಲ್ಕನೆಯ ಎಣಿಕೆಯ ಮೇಲೆ ಬೀಳದಿದ್ದರೆ ಹಾಡುವವರಿಗೆ ಅದು ತಾಳವಾಗಿ ಕೇಳಿಸುವುದಿಲ್ಲ. ಖಂಡಛಾಪು ಎರಡು ಮತ್ತು ಮೂರಾಗಿ ಒಡೆಯುತ್ತದೆ. ತಂತ್ರಾಂಶದ ಮೆಟ್ರೊನೋಮಿಗೆ ಈ ಒತ್ತುಗಳನ್ನು ಹೇಳಿಕೊಡಲು ಆಗದಿದ್ದರೆ, ಒಂದೊಂದು ಆವರ್ತದ ಕ್ಲಿಕ್ಕನ್ನು ಮಿಡಿಯಲ್ಲಿ (ಧ್ವನಿಯ ಬದಲು ನುಡಿಸುವ ಸೂಚನೆಯಾಗಿ) ಬರೆದು, ಬೇರೆ ಬೇರೆ ಟ್ರ್ಯಾಕಿನಲ್ಲಿ ಮ್ಯೂಟ್ ಮಾಡಿ ಇಟ್ಟುಕೊಳ್ಳಬಹುದು, ಬೇಕಾದುದನ್ನು ತೆರೆದರಾಯಿತು. ಆಲಾಪನೆ, ಉಗಾಭೋಗ, ವಚನಗಳನ್ನು ಮುಕ್ತವಾಗಿ ಹಾಡುವವರಿಗೆ ಕ್ಲಿಕ್ಕೇ ಬೇಡ. ಅವರಿಗಾಗಿ ತಾಳದ ಗೆರೆಗಳನ್ನು ಮರೆಮಾಡಿ, ನಿಮಿಷ ಸೆಕೆಂಡುಗಳ ಅಳತೆ ಮಾತ್ರ ಕಾಣುವ ಪ್ರತ್ಯೇಕ ಟೆಂಪ್ಲೇಟ್ ಇಟ್ಟುಕೊಂಡಿದ್ದೇನೆ.

ಶ್ರುತಿಯದೂ ಇದೇ ಕಥೆ. ತಂಬೂರಿಯ ಧ್ವನಿ ತುಣುಕನ್ನೇ ಟೆಂಪ್ಲೇಟಿನಲ್ಲಿ ಇಟ್ಟರೆ ಅದು ಒಂದೇ ಶ್ರುತಿಯಲ್ಲಿ ಇರುತ್ತದೆ. ಐದು ಮನೆಯಲ್ಲಿ ಹಾಡುವವರ ನಂತರ ಒಂದೂವರೆ ಮನೆಯವರು ಬಂದಾಗ ಅದು ನಿರುಪಯುಕ್ತ, ಆತುರದಲ್ಲಿ ಬಳಸಿದರೆ ಅಪಾಯಕರ. ಶ್ರುತಿ ಬದಲಾಯಿಸಬಹುದಾದ ತಂಬೂರಿ ವಾದ್ಯವನ್ನೋ, ಇಲ್ಲವೇ ಖಾಲಿ ಟ್ರ್ಯಾಕನ್ನೋ ಇಡುವುದು ಸರಿ. ಕೀಬೋರ್ಡಿನ ಶ್ರುತಿ ಸಾಮಾನ್ಯವಾಗಿ 440 ಹರ್ಟ್ಸ್‌ನ ‘ಎ’ ಸ್ವರವನ್ನು ಆಧರಿಸಿದೆ, ಆದರೆ ಕಿವಿಯಿಂದ ಶ್ರುತಿ ಮಾಡಿದ ವೀಣೆ ಅದಕ್ಕಿಂತ ಕೂದಲೆಳೆಯಷ್ಟು ಮೇಲೋ ಕೆಳಗೋ ಇರಬಹುದು. ತಂಬೂರಿ ಮತ್ತು ವೀಣೆಯ ಟ್ರ್ಯಾಕುಗಳ ಮೇಲೆ ಟ್ಯೂನರ್ ಪ್ಲಗಿನ್ ಒಂದನ್ನು ಸದಾ ಇಟ್ಟಿರುವುದು ಇದನ್ನು ಮೊದಲ ನಿಮಿಷದಲ್ಲೇ ಹಿಡಿಯುವುದಕ್ಕಾಗಿ.

ಟೆಂಪ್ಲೇಟಿನಲ್ಲಿ ಈಕ್ವಲೈಸರ್, ಕಂಪ್ರೆಸರ್ ಇರಬೇಕೇ ಎಂಬುದರ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಇರಲಿ, ಆದರೆ ಆಫ್ ಮಾಡಿದ ಸ್ಥಿತಿಯಲ್ಲಿ ಇರಲಿ ಎಂಬುದು ನನ್ನ ನಿಲುವು. ಕಂಠವನ್ನು ಕೇಳುವ ಮೊದಲೇ ಅದರ ಮೇಲೆ ಕತ್ತರಿ ಆಡಿಸಿದ್ದರೆ, ನಾವು ಕೇಳುವುದು ಕಳೆದ ತಿಂಗಳು ಹಾಡಿದವರಿಗೆ ಹೊಲಿದ ಅಂಗಿಯೊಳಗಿನ ಹೊಸ ಕಂಠವನ್ನು. ಮಾಸ್ಟರಿನ ಮೇಲೆ ಲಿಮಿಟರ್ ಇಡುವುದಂತೂ ಮುದ್ರಣದ ಟೆಂಪ್ಲೇಟಿಗೆ ಸಲ್ಲದು. ಮುಂದೆ ಬರುವ ಧ್ವನಿಯನ್ನು ಮೊದಲೇ ನೋಡಿ ತಗ್ಗಿಸುವ ಲಿಮಿಟರ್ ತನ್ನ ಕೆಲಸಕ್ಕಾಗಿ ಧ್ವನಿಯನ್ನು ಸ್ವಲ್ಪ ತಡೆಹಿಡಿಯುತ್ತದೆ, ಆ ವಿಳಂಬ ತಂತ್ರಾಂಶದ ಮೂಲಕ ತಮ್ಮ ಧ್ವನಿಯನ್ನೇ ಕೇಳಿಕೊಳ್ಳುತ್ತಿರುವವರ ಕಿವಿಗೆ ತಲುಪುತ್ತದೆ. ಲಿಮಿಟರಿನ ಬದಲು ಧ್ವನಿಯ ಗಟ್ಟಿತನವನ್ನು ತೋರಿಸುವ ಮೀಟರ್ ಇರಲಿ. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟದ ಮಾನದಂಡ, ಗಟ್ಟಿತನದ ಅಳತೆಯಾದ ಲಫ್ಸ್‌ನಲ್ಲಿ, ಮೈನಸ್ 23. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14ಕ್ಕೆ ಹೊಂದಿಸಿ ಕೇಳಿಸುತ್ತದೆ. ಹಾಡು ಎಲ್ಲಿಗೆ ಹೋಗುತ್ತದೆ ಎಂಬುದು ತಿಳಿದ ಮೇಲೆ ಎಷ್ಟು ಒತ್ತಬೇಕೆಂದು ನಿರ್ಧರಿಸಬಹುದು.

ಬಫರ್ ಗಾತ್ರ, ಅಂದರೆ ಕಂಪ್ಯೂಟರು ಒಮ್ಮೆಗೆ ಕೂಡಿಟ್ಟುಕೊಂಡು ಸಾಗಿಸುವ ಮಾದರಿಗಳ ಸಂಖ್ಯೆ, ಟೆಂಪ್ಲೇಟಿನಲ್ಲೇ ಉಳಿಯುತ್ತದೆ ಎಂಬ ಒಂದು ತಪ್ಪು ತಿಳಿವಳಿಕೆಯಿದೆ. 48,000 ದರದಲ್ಲಿ 128 ಮಾದರಿಗಳ ಬಫರ್ ಸುಮಾರು 2.7 ಮಿಲಿಸೆಕೆಂಡು, 1,024ರದು ಸುಮಾರು 21 ಮಿಲಿಸೆಕೆಂಡು ವಿಳಂಬ ತರುತ್ತದೆ. ಮುದ್ರಿಸುವಾಗ ಚಿಕ್ಕದು, ಮಿಕ್ಸಿಂಗಿನಲ್ಲಿ ದೊಡ್ಡದು ಒಳ್ಳೆಯದು. ಆದರೆ ಇದು ಸಾಮಾನ್ಯವಾಗಿ ಧ್ವನಿ ಸಾಧನದ ಸೆಟ್ಟಿಂಗ್, ಟೆಂಪ್ಲೇಟಿನೊಳಗೆ ಉಳಿಯುವುದಿಲ್ಲ. ಪ್ರತಿ ಸಲವೂ ಕೈಯಾರೆ ನೋಡಿಕೊಳ್ಳಬೇಕು.

ಉಳಿಸುವುದು, ಕಾಪಾಡುವುದು

ಉಳಿಸುವ ವಿಧಾನ ಎಲ್ಲ ಕಡೆಯೂ ಸರಳವಾಗಿದೆ. ಲಾಜಿಕ್ ಪ್ರೊ ಮತ್ತು ಕ್ಯೂಬೇಸ್‌ಗಳ ಫೈಲ್ ಮೆನುವಿನಲ್ಲಿ ‘ಸೇವ್ ಆ್ಯಸ್ ಟೆಂಪ್ಲೇಟ್’ ಇದೆ. ಪ್ರೊ ಟೂಲ್ಸ್‌ನಲ್ಲೂ ಅದೇ ಹೆಸರಿನಲ್ಲಿದ್ದು, ಧ್ವನಿ ಕಡತಗಳನ್ನೂ ಸೇರಿಸಬೇಕೇ ಎಂದು ಅದು ಕೇಳುತ್ತದೆ. ರೀಪರ್‌ನಲ್ಲಿ ಅದೇ ಮೆನುವಿನ ‘ಪ್ರಾಜೆಕ್ಟ್ ಟೆಂಪ್ಲೇಟ್ಸ್’ ಒಳಗೆ ಸಿಗುತ್ತದೆ. ಪ್ರತಿ ಹೊಸ ಪ್ರಾಜೆಕ್ಟೂ ಒಂದು ಗೊತ್ತಾದ ಟೆಂಪ್ಲೇಟಿನಿಂದಲೇ ತೆರೆಯಲಿ ಎಂದು ಪ್ರಿಫರೆನ್ಸಸ್‌ನಲ್ಲಿ ಹೇಳಿಡಬಹುದು. ಏಬಲ್ಟನ್ ಲೈವ್‌ನಲ್ಲಿ ತಾನಾಗಿ ತೆರೆಯುವ ಸೆಟ್ಟನ್ನು ನಾವೇ ನಿಗದಿ ಮಾಡಬಹುದು. ಎಫ್‌ಎಲ್ ಸ್ಟುಡಿಯೊದಲ್ಲಿ ಟೆಂಪ್ಲೇಟುಗಳ ಫೋಲ್ಡರಿಗೆ ಸೇರಿಸಿದ ಪ್ರಾಜೆಕ್ಟ್ ‘ನ್ಯೂ ಫ್ರಮ್ ಟೆಂಪ್ಲೇಟ್’ ಪಟ್ಟಿಯಲ್ಲಿ ಕಾಣುತ್ತದೆ. ಇಡೀ ವೇದಿಕೆ ಬೇಡ, ಮೃದಂಗದ ಎರಡು ಟ್ರ್ಯಾಕುಗಳು ಮತ್ತು ಅವುಗಳ ಬಸ್ಸು ಮಾತ್ರ ಸಾಕು ಎನ್ನುವಾಗ ರೀಪರ್‌ನ ಟ್ರ್ಯಾಕ್ ಟೆಂಪ್ಲೇಟುಗಳು, ಪ್ರೊ ಟೂಲ್ಸ್‌ನ ‘ಇಂಪೋರ್ಟ್ ಸೆಶನ್ ಡೇಟಾ’ ಬಹಳ ಉಪಯುಕ್ತ. ಚಿಕ್ಕದೊಂದು ಮೂಲ ಟೆಂಪ್ಲೇಟ್ ಮತ್ತು ಬೇಕಾದಾಗ ಜೋಡಿಸುವ ಇಂಥ ತುಂಡುಗಳು ಎಂಬ ವ್ಯವಸ್ಥೆ, ಎಲ್ಲವನ್ನೂ ತುಂಬಿಕೊಂಡ ಒಂದೇ ದೊಡ್ಡ ಟೆಂಪ್ಲೇಟಿಗಿಂತ ಹೆಚ್ಚು ಕಾಲ ಬಾಳುತ್ತದೆ ಎಂದು ನನಗೆ ತೋರಿದೆ.

ಟೆಂಪ್ಲೇಟಿನೊಳಗೆ ಧ್ವನಿ ತುಣುಕುಗಳಿದ್ದರೆ ಅವು ಎಲ್ಲಿವೆ ಎಂಬುದನ್ನು ಪರೀಕ್ಷಿಸಿ. ಅನೇಕ ವೇಳೆ ಟೆಂಪ್ಲೇಟಿನಲ್ಲಿರುವುದು ಆ ತುಣುಕಿನ ವಿಳಾಸ ಮಾತ್ರ; ಹೊರಗಿನ ಡ್ರೈವ್ ಕಳಚಿದ ದಿನ ವಿಳಾಸವಿರುತ್ತದೆ, ಮನೆಯಿರುವುದಿಲ್ಲ. ಪ್ಲಗಿನ್‌ಗಳದೂ ಹೀಗೆಯೇ: ಪ್ರಯೋಗದ ಅವಧಿ ಮುಗಿದ ಪ್ಲಗಿನ್ ಟೆಂಪ್ಲೇಟಿನಲ್ಲಿ ಉಳಿದಿದ್ದರೆ ಪ್ರತಿ ಹೊಸ ಹಾಡೂ ಎಚ್ಚರಿಕೆಯ ಪೆಟ್ಟಿಗೆಯೊಂದಿಗೆ ತೆರೆದುಕೊಳ್ಳುತ್ತದೆ. ಆದ್ದರಿಂದ ಮೂಲ ಟೆಂಪ್ಲೇಟಿನಲ್ಲಿ ತಂತ್ರಾಂಶದ ಜೊತೆಗೇ ಬರುವ ಪ್ಲಗಿನ್‌ಗಳನ್ನಷ್ಟೇ ಬಳಸುವುದು ಕ್ಷೇಮ. ಟೆಂಪ್ಲೇಟಿನ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ದಿನಾಂಕ ಬರೆದರೆ ಫೋಲ್ಡರಿನಲ್ಲಿ ಅವು ಕಾಲಕ್ರಮದಲ್ಲೇ ಸಾಲಾಗಿ ನಿಲ್ಲುತ್ತವೆ. ಹಳೆಯದನ್ನು ಅಳಿಸಬೇಡಿ, ಒಂದು ಪ್ರತಿ ಬೇರೆ ಡ್ರೈವಿನಲ್ಲಿರಲಿ.

ಹೊಸ ಟೆಂಪ್ಲೇಟನ್ನು ಹಾಡುವವರು ಬಂದ ದಿನವೇ ಮೊದಲ ಬಾರಿಗೆ ತೆರೆಯಬಾರದು. ಹಿಂದಿನ ದಿನ ಅದರಿಂದ ಒಂದು ಪ್ರಾಜೆಕ್ಟ್ ಆರಂಭಿಸಿ, ಪ್ರತಿ ಮೈಕಿನ ಮುಂದೆ ಚಪ್ಪಾಳೆ ತಟ್ಟಿ, ಹೆಡ್‌ಫೋನ್ ಹಾಕಿಕೊಂಡು ಒಂದು ನಿಮಿಷ ನಾವೇ ಹಾಡಿ, ಮುದ್ರಿಸಿದ್ದನ್ನು ರಫ್ತು ಮಾಡಿ ಕೇಳಬೇಕು. ಆಮೇಲೆ ಮೂರು ನಾಲ್ಕು ಹಾಡು ಮುಗಿದಾಗಲೊಮ್ಮೆ ನಾನು ಒಂದು ಪುಸ್ತಕದಲ್ಲಿ ಎರಡು ವಿಷಯಗಳನ್ನು ಬರೆದುಕೊಳ್ಳುತ್ತೇನೆ: ಪ್ರತಿ ಸಲ ನಾನು ಅಳಿಸಿದ ಟ್ರ್ಯಾಕ್ ಯಾವುದು, ಪ್ರತಿ ಸಲ ಹೊಸದಾಗಿ ಸೇರಿಸಿದ ಟ್ರ್ಯಾಕ್ ಯಾವುದು. ಕಳೆದ ಬಾರಿ ಹಾಗೆ ನೋಡಿದಾಗ ಎರಡು ಸಿಂಥ್ ಟ್ರ್ಯಾಕುಗಳು ಟೆಂಪ್ಲೇಟಿನಿಂದ ಹೊರಗೆ ಹೋದವು, ಘಟಕ್ಕೆ ಐದನೆಯ ಇನ್‌ಪುಟ್ಟಿನಲ್ಲಿ ಒಂದು ಜಾಗ ಸಿಕ್ಕಿತು.